ಕೋಟೆ ಕರಗಿ ತೋಟವಾದ ಕಥೆ



ಬೆಳಗಾವಿ ಸೀಮೆಯ ಯಾವುದೇ ಊರಿನ ಮತದಾರರ ಪಟ್ಟಿ ಬಿಡಿಸಿದರೂ ಕೆಲವು ಅಡ್ಡಹೆಸರುಗಳು ಕಣ್ಣಿಗೆ ಬೀಳುತ್ತವೆ. ಕಿಲ್ಲೇದಾರ, ಅಗಸಿಮನಿ, ಹುಡೇದ. ಕಿಲ್ಲೇದಾರನೆಂದರೆ ಕೋಟೆಯ ಅಧಿಕಾರಿ. ಅಗಸಿಮನಿಯವರದು ಊರ ಹೆಬ್ಬಾಗಿಲಿಗೆ ಅಂಟಿದ ಮನೆ. ಹುಡೇದವರದು ಕಾವಲು ಬುರುಜಿನ ಬುಡ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆ ಇಂಥ ಹೆಸರು ಹೊತ್ತವರು ಸಿಗುತ್ತಾರೆ. ಕಿಲ್ಲೆ ಕಾಣದಿದ್ದರೂ ಕಿಲ್ಲೇದಾರರಿದ್ದಾರೆ. ಹುಡೇ ಬಿದ್ದು ಎಷ್ಟೋ ವರ್ಷಗಳಾದರೂ ಹುಡೇದವರು ಅಲ್ಲೇ ಇದ್ದಾರೆ. ಕಲ್ಲಿಗಿಂತ ಮಾತಿಗೆ ಆಯುಷ್ಯ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಆ ಕಲ್ಲುಗಳೆಲ್ಲ ಎಲ್ಲಿ ಹೋದವು? ಕೋಟೆಯೊಂದು ತನ್ನ ಕೆಲಸ ಮುಗಿಸಿದ ಮೇಲೆ ಅದಕ್ಕೆ ಯಾವ ಗತಿ? ಕೆಲವು ಕೋಟೆಗಳು ಪಾಳುಬಿದ್ದವು. ಕೆಲವು ಊರವರಿಗೆ ಕಲ್ಲಿನ ಗಣಿಯಾದವು. ಇನ್ನು ಕೆಲವು ಊರಿನ ಮಕ್ಕಳು ಆಡುವ, ವೃದ್ಧರು ಸಂಜೆ ಕೂಡುವ ಉದ್ಯಾನಗಳಾದವು. ಈ ಮೂರನೆಯ ಗತಿಯೇ ಇಂದಿನ ವಿಷಯ.

ನಿಪ್ಪಾಣಿಯ ಪಾಠ

ಮೊದಲು ಮನೆಯ ಮಾತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಸೀಮೆಯಲ್ಲಿ ದೊಡ್ಡ ಹೆಸರು ಮಾಡಿದವನು ನಿಪ್ಪಾಣಿಯ ಸಿದ್ಧೋಜಿರಾವ ನಾಯಕ ನಿಂಬಾಳ್ಕರ. ಪೇಶ್ವೆಯ ಪಕ್ಷದ ಈ ಸರದಾರನಿಗೂ ಕೊಲ್ಹಾಪುರದ ಸಂಸ್ಥಾನಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧ. ಚಿಕ್ಕೋಡಿ, ಮನೋಳಿಗಳ ಮೇಲಿನ ಹಕ್ಕಿಗಾಗಿ ನಡೆದ ಎಳೆದಾಟದಲ್ಲಿ ಈ ಭಾಗದ ರೈತ ಎರಡೂ ಕಡೆಯ ದಂಡಿಗೆ ಮೇವು ಕಾಳು ಒದಗಿಸಿ ಸೋತುಹೋದ. ಅಂಥ ಕಾಲದಲ್ಲಿ ಕೋಟೆಯೆಂದರೆ ಅಲಂಕಾರವಲ್ಲ. ಅದು ಊರಿನ ಉಸಿರು.

ಸಿದ್ಧೋಜಿರಾವ 1839ರಲ್ಲಿ ತೀರಿಕೊಂಡಾಗ ಬ್ರಿಟಿಷರು ಸಂಸ್ಥಾನವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. 1841ರಲ್ಲಿ ಅರಬ್ ಸಿಪಾಯಿಗಳ ತಂಡ ನಿಪ್ಪಾಣಿ ಕೋಟೆಯನ್ನು ಹಿಡಿದು ದಂಗೆ ಎದ್ದಿತು. ಕಂಪನಿ ಸರ್ಕಾರ ದಂಡು ಕಳಿಸಿ ಅದನ್ನು ಅಡಗಿಸಿತು. ಅದರ ಬೆನ್ನಿಗೇ ಕೋಟೆಯನ್ನು ಕೆಡವಿಸಿತು. ಕೋಟೆ ಇದ್ದರೆ ತಾನೇ ದಂಗೆಗೆ ಆಸರೆ ಎಂಬುದು ಸರ್ಕಾರದ ಲೆಕ್ಕ.

ಈ ಲೆಕ್ಕ ನಿಪ್ಪಾಣಿಗೆ ಮಾತ್ರ ಸೀಮಿತವಾಗಲಿಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಆಯುಧ ಒಪ್ಪಿಸಲು ಒಲ್ಲೆನೆಂದ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ಹೋರಾಡಿ ಮಡಿದರು. 1858ರಲ್ಲಿ ನರಗುಂದದ ಭಾಸ್ಕರರಾವ ಭಾವೆ ಸಿಡಿದೆದ್ದಾಗ ಅಲ್ಲಿಯ ಕೋಟೆಗೂ ಅದೇ ಗತಿಯಾಯಿತು. ಜನರ ಕೈಯಿಂದ ಕತ್ತಿ ಕಿತ್ತುಕೊಂಡ ಸರ್ಕಾರ ಊರುಗಳ ಮೈಮೇಲಿನ ಕವಚವನ್ನೂ ಕಳಚಿತು. ನಮ್ಮ ನಾಡಿನಲ್ಲಿ ಕೋಟೆಗಳು ಉರುಳಿದ ಮೊದಲ ಹಂತದ ಹಿಂದೆ ಇದ್ದುದು ಊರು ಬೆಳೆಯಬೇಕೆಂಬ ಆಸೆಯಲ್ಲ, ಆಳುವವರ ಭಯ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗಬೇಕು. ಏಕೆಂದರೆ ಯುರೋಪಿನಲ್ಲಿ ಇದೇ ಕೆಲಸ ಬೇರೆ ಕಾರಣಕ್ಕೆ, ಬೇರೆ ರೀತಿಯಲ್ಲಿ ನಡೆಯಿತು.

ಬುರುಜಿನಿಂದ ಬುಲೆವಾರ್ಡ್

ಮರಗಳ ಸಾಲಿರುವ ಅಗಲವಾದ ಬೀದಿಗೆ ಇಂಗ್ಲಿಷಿನಲ್ಲಿ ‘ಬುಲೆವಾರ್ಡ್’ ಎನ್ನುತ್ತಾರೆ. ಬೆಂಗಳೂರಿನಿಂದ ಪ್ಯಾರಿಸ್‌ವರೆಗೆ ಎಲ್ಲ ನಗರ ಯೋಜಕರ ಬಾಯಲ್ಲೂ ಇರುವ ಈ ಮಾತಿನ ಮೂಲ ಕುತೂಹಲದ್ದು. ಡಚ್ಚರ ‘ಬೋಲ್‌ವೆರ್ಕ್’ ಎಂಬ ಶಬ್ದ ಫ್ರೆಂಚರ ಬಾಯಲ್ಲಿ ಹೊರಳಿ ಈ ರೂಪ ಪಡೆಯಿತು. ‘ಬೋಲ್‌ವೆರ್ಕ್’ ಎಂದರೆ ಕೋಟೆಯ ಕೊತ್ತಲ. ಫ್ರಾನ್ಸಿನಲ್ಲಿ ಕೊತ್ತಲಗಳನ್ನು ಸಮಮಾಡಿ ಅದರ ಮೇಲೆ ಮರ ನೆಟ್ಟರು. ಜನ ಅಲ್ಲಿ ತಿರುಗಾಡತೊಡಗಿದರು. ಕೊತ್ತಲದ ಹೆಸರೇ ಬೀದಿಯ ಹೆಸರಾಯಿತು. ಇಂದು ಆ ಶಬ್ದದಲ್ಲಿ ಮದ್ದಿನ ವಾಸನೆ ಉಳಿದಿಲ್ಲ.

ಫಿರಂಗಿ ಬಲವಾದಂತೆ ನೆಟ್ಟಗೆ ನಿಂತ ಎತ್ತರದ ಗೋಡೆಗೆ ಬೆಲೆ ಕಡಿಮೆಯಾಯಿತು. ನೆಪೋಲಿಯನ್ನನ ಯುದ್ಧಗಳ ಕಾಲಕ್ಕೆ ಇದು ಎಲ್ಲರಿಗೂ ಮನವರಿಕೆಯಾಗಿತ್ತು. ಜರ್ಮನಿಯ ಬ್ರೆಮೆನ್ 1802ರಲ್ಲೇ ತನ್ನ ಕೊತ್ತಲಗಳನ್ನು ಉದ್ಯಾನ ಮಾಡಲು ಹೊರಟಿತು. ಫ್ರಾಂಕ್‌ಫರ್ಟ್ ಅದರ ಹಿಂದೆಯೇ ಬಂತು. ವಿಯೆನ್ನಾದಲ್ಲಿ 1809ರಲ್ಲಿ ಫ್ರೆಂಚರು ಸಿಡಿಸಿದ ಕೊತ್ತಲದ ಜಾಗದಲ್ಲಿ 1823ರಲ್ಲಿ ಜನರ ಉದ್ಯಾನವೊಂದು ತೆರೆಯಿತು. ಅದೇ ವಿಯೆನ್ನಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1857ರ ಡಿಸೆಂಬರಿನಲ್ಲಿ ಉಳಿದ ಕೋಟೆಯನ್ನೂ ಕೆಡವಲು ಆಜ್ಞೆ ಹೊರಡಿಸಿದ. 1865ರ ಮೇ 1ರಂದು ಆ ಜಾಗದಲ್ಲಿ ಪ್ರಸಿದ್ಧವಾದ ವರ್ತುಲ ಬೀದಿ ಉದ್ಘಾಟನೆಯಾಯಿತು. ಹಲಗಲಿಯಲ್ಲಿ ಬೇಡರು ಬಿದ್ದ ತಿಂಗಳಿಗೂ ಚಕ್ರವರ್ತಿಯ ಆಜ್ಞೆಗೂ ನಡುವಿನ ಅಂತರ ಒಂದೇ ತಿಂಗಳು. ಒಂದೇ ಕಾಲ. ಎರಡು ಜಗತ್ತು.

ವಿಯೆನ್ನಾದ ಕೆಲಸ ಧರ್ಮಾರ್ಥವಾಗಿ ನಡೆಯಲಿಲ್ಲ. ಕೋಟೆಯ ಮುಂದಿನ ಬಯಲನ್ನು ನಿವೇಶನಗಳಾಗಿ ಮಾರಿ ಬಂದ ಹಣದಲ್ಲಿ ಬೀದಿ, ಭವನ, ಉದ್ಯಾನಗಳನ್ನು ಮಾಡಿದರು. ನಿವೇಶನ ಕೊಂಡವರು ಶ್ರೀಮಂತರು. ಉದ್ಯಾನ ಎಲ್ಲರಿಗೂ ಸಿಕ್ಕಿತು. ಎದುರಿನ ಮಹಡಿ ಮನೆ ಮಾತ್ರ ಎಲ್ಲರಿಗೂ ಸಿಗಲಿಲ್ಲ. 

ಪೋಲೆಂಡಿನ ಕ್ರಾಕೋವ್ ನಗರದ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ 1820ರ ದಶಕದಲ್ಲಿ ಹಳೆಯ ಗೋಡೆಗಳನ್ನು ಕೆಡವಿ, ಕೊಳೆತು ನಾರುತ್ತಿದ್ದ ಕಂದಕ ತುಂಬಿ, ಹಳೆಯ ಊರಿನ ಸುತ್ತ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಹಸಿರು ಪಟ್ಟಿ ಬೆಳೆಸಿದರು. ಎಲ್ಲವನ್ನೂ ಕೆಡವುವ ಹುಮ್ಮಸ್ಸು ಏರಿದ್ದಾಗ ಫೆಲಿಕ್ಸ್ ರಾದ್ವಾನ್ಸ್ಕಿ ಎಂಬ ಪ್ರಾಧ್ಯಾಪಕ ಅಡ್ಡ ನಿಂತ. ಉತ್ತರ ದಿಕ್ಕಿನ ಹೆಬ್ಬಾಗಿಲನ್ನೂ ಅದರ ಮುಂದಿನ ದುಂಡು ಬುರುಜನ್ನೂ ಉಳಿಸಬೇಕೆಂದು ಹಟ ಹಿಡಿದ. ಇತಿಹಾಸ, ಕಲೆ ಎಂದರೆ ಕೇಳುವ ಜನ ಕಡಿಮೆ ಎಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಅವನು ಹೂಡಿದ ವಾದವೇ ಬೇರೆ. ಹೆಬ್ಬಾಗಿಲು ಹೋದರೆ ಉತ್ತರದ ಥಂಡಿ ಗಾಳಿ ನೇರ ಊರೊಳಗೆ ನುಗ್ಗಿ ಜನ ಕಾಯಿಲೆ ಬೀಳುತ್ತಾರೆ ಎಂದ. ಗಾಳಿಯ ಮಾತು ಗೆದ್ದಿತು. ಹೆಬ್ಬಾಗಿಲು ಇಂದಿಗೂ ನಿಂತಿದೆ. ಹಳೆಯದನ್ನು ಉಳಿಸಬೇಕೆನ್ನುವವರು ಜನರ ದಿನನಿತ್ಯದ ಸುಖದುಃಖದ ಭಾಷೆಯಲ್ಲಿ ಮಾತಾಡಬೇಕು ಎಂಬ ಪಾಠ ಇದರಲ್ಲಿದೆ.

ಸೊನ್ನಲಿಗೆಯ ನೀರು

ಈಗ ಹತ್ತಿರಕ್ಕೆ ಬರೋಣ. ಅಥಣಿ, ಕಾಗವಾಡಗಳಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಸೊಲ್ಲಾಪುರದಲ್ಲಿ ಇದೇ ಕಥೆಯ ಕನ್ನಡ ಅಧ್ಯಾಯವಿದೆ.

ಸೊಲ್ಲಾಪುರವೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಸೊನ್ನಲಿಗೆಯ ಸಿದ್ಧರಾಮ. ಹನ್ನೆರಡನೆಯ ಶತಮಾನದ ಈ ಶಿವಯೋಗಿ ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದವನು. ಬರೀ ಬರೆದವನಲ್ಲ, ಕೆರೆ ಕಟ್ಟಿಸಿದವನು. ಮಳೆ ಕೈಕೊಡುವ ಆ ಕಪ್ಪು ನೆಲದಲ್ಲಿ ಕೆರೆ ಕಟ್ಟುವುದೇ ಅವನಿಗೆ ಪೂಜೆಯಾಗಿತ್ತು. ಸಿದ್ಧೇಶ್ವರ ಕೆರೆಯನ್ನು ಇಂದಿಗೂ ಜನ ಅವನ ಹೆಸರಿನಲ್ಲೇ ನೆನೆಯುತ್ತಾರೆ.

ಆ ಕೆರೆಯ ದಂಡೆಯಲ್ಲೇ ಬಹಮನಿ ಸುಲ್ತಾನರ ಕಾಲದಲ್ಲಿ ಕೋಟೆ ಎದ್ದಿತು. ಗುಡ್ಡದ ಆಸರೆಯಿಲ್ಲದೆ ಬಯಲಿನಲ್ಲಿ ಕಟ್ಟಿದ ಕೋಟೆಯಾದ್ದರಿಂದ ಮರಾಠಿಯಲ್ಲಿ ಅದಕ್ಕೆ ‘ಭುಯಿಕೋಟ್’ ಎನ್ನುತ್ತಾರೆ. ನೆಲಗೋಟೆ ಎಂದು ನಾವು ಹೇಳಬಹುದು. ಗುಡ್ಡವಿಲ್ಲದ ಕೋಟೆಗೆ ನೀರೇ ರಕ್ಷೆ. ಪೂರ್ವಕ್ಕೆ ಸಿದ್ಧರಾಮನ ಕೆರೆ. ಉಳಿದ ಮೂರು ಕಡೆ ಅಗಲವಾದ ಕಂದಕ. ಅದರೊಳಗೆ ಎರಡು ಸುತ್ತಿನ ಕಲ್ಲಿನ ಗೋಡೆ, ಬುರುಜುಗಳು. ಹೊಲಕ್ಕೆ, ದನಕರುಗಳಿಗೆ ಎಂದು ಶರಣನೊಬ್ಬ ನಿಲ್ಲಿಸಿದ ನೀರು ಹೀಗೆ ದಂಡಿನವರ ಕಾವಲಿಗೆ ಒದಗಿತು. ಕೋಟೆಯೊಳಗೆ ಪುರಾತನ ದೇವಾಲಯವೊಂದರ ಅವಶೇಷಗಳೂ ಇವೆ. ಒಂದು ಕಾಲದ ಕಲ್ಲು ಇನ್ನೊಂದು ಕಾಲದ ಕೆಲಸಕ್ಕೆ ಬರುವುದು ಹೊಸದೇನಲ್ಲ.

ಈ ಕೋಟೆಗಾಗಿ ನಡೆದ ಜಗಳಗಳಿಗೆ ಲೆಕ್ಕವಿಲ್ಲ. ಬಿಜಾಪುರದ ಆದಿಲಶಾಹಿಗಳಿಗೂ ಅಹಮದನಗರದ ನಿಜಾಮಶಾಹಿಗಳಿಗೂ ನಡುವೆ ಅದು ಚೆಂಡಿನಂತೆ ಓಡಾಡಿತು. 1560ರ ದಶಕದಲ್ಲಿ ಅಹಮದನಗರದ ರಾಜಕುಮಾರಿ ಚಾಂದಬೀಬಿ ಬಿಜಾಪುರದ ಅಲಿ ಆದಿಲಶಹನನ್ನು ಮದುವೆಯಾದಾಗ ಸೊಲ್ಲಾಪುರ ಬಳುವಳಿಯಾಗಿ ಬಂತು. ಮುಂದೆ 1668ರಲ್ಲಿ ಮೊಗಲರ ಪಾಲಾಯಿತು. ಕೊನೆಗೆ 1818ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಸೇನಾಪತಿ ಥಾಮಸ್ ಮನ್ರೊ ಪೇಶ್ವೆಯ ದಂಡನ್ನು ಸೋಲಿಸಿ ಕೋಟೆಯನ್ನು ಹಿಡಿದ. ಅಲ್ಲಿಗೆ ಅದರ ಯುದ್ಧದ ಆಯುಷ್ಯ ಮುಗಿಯಿತು.

ಸೊಲ್ಲಾಪುರಕ್ಕೆ ಈ ಕೋಟೆಯಲ್ಲದೆ ಊರ ಸುತ್ತ ಬೇರೊಂದು ಗೋಡೆಯೂ ಇತ್ತು. 1860ರಲ್ಲಿ ರೈಲು ಬಂತು. ಹತ್ತಿಯ ವ್ಯಾಪಾರ ಹೆಚ್ಚಿತು. 1870ರ ದಶಕದಲ್ಲಿ ಬಟ್ಟೆ ಗಿರಣಿಯ ಚಿಮಣಿ ಎದ್ದಿತು. ನೇಕಾರರು, ಗಿರಣಿ ಕೆಲಸಗಾರರು ನಾನಾ ಸೀಮೆಗಳಿಂದ ಬಂದು ತುಂಬಿದರು. ಊರು ಗೋಡೆಯೊಳಗೆ ಹಿಡಿಯದಾಯಿತು. 1872ರ ಸುಮಾರಿಗೆ ಪುರಸಭೆ ಊರಗೋಡೆಯ ಪೂರ್ವಭಾಗವನ್ನು ಪೂರ್ತಿಯಾಗಿ, ಉಳಿದ ಕಡೆ ಅಷ್ಟಿಷ್ಟಾಗಿ ಕೆಡವಿಸಿತು. ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ನಿಪ್ಪಾಣಿಯಲ್ಲಿ ಕೋಟೆ ಕೆಡವಿದ್ದು ದಂಡು. ಸೊಲ್ಲಾಪುರದಲ್ಲಿ ಗೋಡೆ ಕೆಡವಿದ್ದು ಪುರಸಭೆ. ಮೊದಲನೆಯದು ಶಿಕ್ಷೆ, ಎರಡನೆಯದು ಅಗತ್ಯ.

ಒಳಗಿನ ಕೋಟೆ ಮಾತ್ರ ಉಳಿಯಿತು. ಊರು ಅದನ್ನು ಸುತ್ತುವರಿದು ಬೆಳೆಯಿತು. ಕಂದಕದ ಬದಿಯಲ್ಲಿ ಹಸಿರು ಬೆಳೆಸಿದರು, ದಾರಿ ಮಾಡಿದರು. ಗೋಡೆಯ ನೆರಳಲ್ಲಿ ಜನ ಸಂಜೆ ಕೂಡತೊಡಗಿದರು. ಇಂದು ಅಲ್ಲಿರುವ ಉದ್ಯಾನದ ಹೆಸರು ‘ಹುತಾತ್ಮ ಬಾಗ್’. ಈ ಹೆಸರಿನ ಹಿಂದೆ ಇನ್ನೊಂದು ಕಥೆಯಿದೆ. ಕೋಟೆಯ ಕಥೆಗಿಂತ ಅದು ದೊಡ್ಡದು.

ನಾಲ್ವರ ಹೆಸರಿನ ತೋಟ

1930ರ ಏಪ್ರಿಲ್ 6ರಂದು, ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ ದಿನವೇ, ಸೊಲ್ಲಾಪುರದ ಪುರಸಭೆ ತನ್ನ ಕಟ್ಟಡದ ಮೇಲೆ ರಾಷ್ಟ್ರಧ್ವಜ ಏರಿಸಿತು. ಮೇ ತಿಂಗಳ ಮೊದಲ ವಾರ ಗಾಂಧೀಜಿಯ ಬಂಧನವಾಯಿತು. ಸೊಲ್ಲಾಪುರದ ಗಿರಣಿ ಕೆಲಸಗಾರರು ಬೀದಿಗಿಳಿದರು. ಗೋಲಿಬಾರ್ ನಡೆಯಿತು. ಪೊಲೀಸ್ ಚೌಕಿಗಳಿಗೆ ಬೆಂಕಿ ಬಿತ್ತು. ಕೆಲವು ದಿನ ಊರಿನಲ್ಲಿ ಬ್ರಿಟಿಷ್ ಆಡಳಿತವೇ ಇಲ್ಲದಂತಾಯಿತು. ಮೇ 12ರಂದು ಸರ್ಕಾರ ಲಷ್ಕರಿ ಕಾಯ್ದೆ ಹೇರಿತು. ಜೂನ್ ಕೊನೆಯವರೆಗೆ ಅದು ಜಾರಿಯಲ್ಲಿತ್ತು.

ಆಮೇಲೆ ನಡೆದ ವಿಚಾರಣೆಯಲ್ಲಿ ನಾಲ್ವರಿಗೆ ಮರಣದಂಡನೆಯಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ. 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ನಾಲ್ವರನ್ನೂ ಗಲ್ಲಿಗೇರಿಸಿದರು. ಆ ಹೆಸರುಗಳನ್ನು ಇನ್ನೊಮ್ಮೆ ಓದಿದರೆ ಸೊಲ್ಲಾಪುರ ಎಂಥ ಊರೆಂಬುದು ತಿಳಿಯುತ್ತದೆ. ಕನ್ನಡದ ವಾಸನೆಯ ಹೆಸರೊಂದು, ಮುಸಲ್ಮಾನರ ಹೆಸರೊಂದು, ಮಾರವಾಡದಿಂದ ಬಂದ ಮನೆತನದ್ದೊಂದು, ಮರಾಠಿಯದೊಂದು. ಸಂಕ್ರಾಂತಿಯ ವೇಳೆಗೆ ಸಿದ್ಧೇಶ್ವರನ ಜಾತ್ರೆಗೆ ಊರಿಗೆ ಊರೇ ನಂದಿಕೋಲು ಹೊತ್ತು ನಡೆಯುವ ದಿನಗಳೂ ಇವೇ.

ಸುಲ್ತಾನನ ಕೋಟೆ, ಶರಣನ ಕೆರೆ, ಪುರಸಭೆಯ ತೋಟ, ಹುತಾತ್ಮರ ಹೆಸರು. ಎಂಟು ನೂರು ವರ್ಷಗಳ ಇತಿಹಾಸ ಹೀಗೆ ಒಂದೇ ಸ್ಥಳದಲ್ಲಿ ಪದರು ಪದರಾಗಿ ಕೂತಿದೆ. ಹೂವಿನ ಪಾತಿ, ಕಾರಂಜಿಗಳಿಂದಷ್ಟೇ ಒಂದು ಉದ್ಯಾನಕ್ಕೆ ಅರ್ಥ ಬರುವುದಿಲ್ಲ. ಆ ನೆಲ ಯಾರ ಬೆವರು, ಯಾರ ರಕ್ತ ಕಂಡಿದೆ ಎಂಬ ಅರಿವಿನಿಂದ ಬರುತ್ತದೆ.

ಗಡಿಯ ಮಾತು ಬಂದಾಗಲೆಲ್ಲ ಸೊಲ್ಲಾಪುರ, ನಿಪ್ಪಾಣಿಗಳು ಒಂದೇ ಉಸಿರಿನಲ್ಲಿ ಬರುತ್ತವೆ. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ, ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳು, ಅಕ್ಕಲಕೋಟೆ ತಾಲ್ಲೂಕು ಕರ್ನಾಟಕಕ್ಕೆ ಬರಲಿ ಎಂದಿತ್ತು. ಎರಡೂ ಆಗಲಿಲ್ಲ. ರಾಜ್ಯದ ಗಡಿ ಎಲ್ಲೇ ಇರಲಿ, ಕೆರೆಯ ದಂಡೆಯ ತೋಟದಲ್ಲಿ ಸಂಜೆ ಕುಳಿತವರಿಗೆ ಎರಡೂ ಭಾಷೆ ಬರುತ್ತದೆ. ಗೋಡೆ ಕೆಡವಿದ ಜಾಗದಲ್ಲಿ ಜನ ಕೂಡಿ ಕೂಡ್ರುವುದು ಸಾಧ್ಯ ಎಂಬುದಷ್ಟೇ ಇಲ್ಲಿ ಮುಖ್ಯ.

ಮೈಸೂರು, ಬೆಂಗಳೂರು, ಬೆಳಗಾವಿ

ಕರ್ನಾಟಕದ ಇತರ ಊರುಗಳೂ ತಮ್ಮ ತಮ್ಮ ದಾರಿ ಹಿಡಿದವು. ಮೈಸೂರಿನಲ್ಲಿ ಅರಮನೆಯ ಸುತ್ತ ಕೋಟೆ, ಕೋಟೆಯ ಸುತ್ತ ಕಂದಕ. ಒಳಗೆ ಇಕ್ಕಟ್ಟಾದ ಅಗ್ರಹಾರಗಳು. 1897ರಲ್ಲಿ ಹಳೆಯ ಅರಮನೆ ಸುಟ್ಟಿತು. ಅದೇ ಸುಮಾರಿಗೆ ಪ್ಲೇಗಿನ ಮಾರಿ ಬಂತು. ನಿಂತ ನೀರು, ತೆರೆದ ಚರಂಡಿಗಳೆಂದರೆ ಜನ ಹೆದರುವ ಕಾಲ. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ಮಂಡಳಿ ಬಂತು. ಕಂದಕಗಳು ತುಂಬಿದವು, ಅಗಲವಾದ ಬೀದಿಗಳು ಬಂದವು. ಅರಮನೆಯ ಉತ್ತರಕ್ಕೆ, ಹಿಂದೆ ಕಂದಕವಿದ್ದ ಪಟ್ಟಿಯಲ್ಲಿ ಕರ್ಜನ್ ಪಾರ್ಕ್ ಹುಟ್ಟಿತು. ಇಂದು ಅಲ್ಲಿ ಕಡಲೆಕಾಯಿ ತಿನ್ನುತ್ತ ಕೂತವರು ಕೂತಿರುವುದು ಕೋಟೆಯ ಅಗಳಿನ ಮೇಲೆ.

ಬೆಂಗಳೂರಿನ ಪೇಟೆಯ ಸುತ್ತಲೂ ಮಣ್ಣಿನ ಗೋಡೆ, ಮುಳ್ಳಿನ ಬೇಲಿ, ಆಳವಾದ ಕಂದಕ ಇದ್ದವು. 1860ರ ದಶಕದಲ್ಲಿ ಅವನ್ನು ತೆಗೆದರು. ಅಲ್ಲಿ ಉದ್ಯಾನಕ್ಕಿಂತ ಹೆಚ್ಚಾಗಿ ರಸ್ತೆ, ಸಂತೆ, ಆಸ್ಪತ್ರೆಗಳು ಬಂದವು. ಕಲ್ಲಿನ ಕೋಟೆಯಲ್ಲಿ ದಿಲ್ಲಿ ಬಾಗಿಲಿನ ಭಾಗವಷ್ಟೇ ಉಳಿಯಿತು.

ಬೆಳಗಾವಿಯದು ಇದಕ್ಕೆ ವಿರುದ್ಧ. ರಟ್ಟರ ಬಿಚಿರಾಜ 1204ರಲ್ಲಿ ಆರಂಭಿಸಿದನೆನ್ನುವ ಈ ಕೋಟೆಯನ್ನು ಬ್ರಿಟಿಷರು 1818ರಲ್ಲಿ ಗೆದ್ದರು. ಆದರೆ ಕೆಡವಲಿಲ್ಲ, ತಮ್ಮ ದಂಡನ್ನೇ ಅಲ್ಲಿ ಇಟ್ಟರು. ಹಾಗಾಗಿ ಗೋಡೆಯೂ ಕಂದಕವೂ ಕಮಲ ಬಸದಿಯೂ ಸಫಾ ಮಸೀದಿಯೂ ಉಳಿದವು. ಗೋಡೆಯ ಹೊರಗಿನ ಕೋಟೆ ಕೆರೆ ಮಾತ್ರ ಜನರ ವಿಹಾರದ ತಾಣವಾಯಿತು. 2018ರಲ್ಲಿ ಅದರ ದಂಡೆಯ ಮೇಲೆ 110 ಮೀಟರ್ ಎತ್ತರದ ಧ್ವಜಸ್ತಂಭ ಎದ್ದಿತು. ಕೋಟೆಯನ್ನು ಕೆಡವದೆಯೂ ಅದರ ಮಗ್ಗುಲಲ್ಲಿ ತೋಟ ಮಾಡಬಹುದು ಎಂಬುದಕ್ಕೆ ಈ ಜಿಲ್ಲೆಯ ಮುಖ್ಯಪಟ್ಟಣವೇ ನಿದರ್ಶನ.

ತೋಟದ ಬೆಲೆ

ಇಷ್ಟು ಕೇಳಿದ ಮೇಲೆ ಕೋಟೆಗಳೆಲ್ಲ ತೋಟಗಳಾಗಲಿ ಎಂದು ಚಪ್ಪಾಳೆ ತಟ್ಟುವುದು ಸುಲಭ. ಆದರೆ ಪ್ರತಿಯೊಂದು ತೋಟಕ್ಕೂ ಒಂದು ಬೆಲೆಯಿದೆ.

ಮೊದಲನೆಯದು ನೀರು. ಕಂದಕ ಎಂದರೆ ಶತ್ರುವನ್ನು ತಡೆಯುವ ಗುಂಡಿ ಮಾತ್ರವಲ್ಲ. ಮಳೆಗಾಲದಲ್ಲಿ ಊರಿನ ನೀರು ಹೋಗಿ ನಿಲ್ಲುವ, ಸುತ್ತಲಿನ ಬಾವಿಗಳಿಗೆ ಒರತೆ ಒದಗಿಸುವ ತಾಣವೂ ಅದೇ. ಅದನ್ನು ಮುಚ್ಚಿದರೆ ನೀರು ಬೇರೆ ದಾರಿ ಹುಡುಕುತ್ತದೆ. ಆ ದಾರಿ ಎಷ್ಟೋ ಸಲ ಬಡವರ ಮನೆಯ ಹೊಸ್ತಿಲ ಮೇಲೆ ಹಾಯುತ್ತದೆ.

ಎರಡನೆಯದು ಸಾಕ್ಷ್ಯ. ಕಂದಕದ ಕೆಸರಿನಲ್ಲಿ ಒಡೆದ ಮಡಕೆ, ಬಳೆಚೂರು, ಗುಂಡು, ನಾಣ್ಯಗಳು ಪದರು ಪದರಾಗಿ ಕೂತಿರುತ್ತವೆ. ರಾಜರ ಶಾಸನ ಹೇಳದ ಜನಸಾಮಾನ್ಯರ ಕಥೆ ಅಲ್ಲಿದೆ. ಅದರ ಮೇಲೆ ಮಣ್ಣು ಸುರಿದು ಹುಲ್ಲು ಹಾಸಿದರೆ ಪುಸ್ತಕ ಓದುವ ಮುನ್ನವೇ ರಟ್ಟು ಹೊಲಿದಂತೆ.

ಮೂರನೆಯದು ಜನ. ಪಾಳುಕೋಟೆಯ ಗೋಡೆಗೆ ಒರಗಿಕೊಂಡೇ ಬದುಕು ಕಟ್ಟಿದವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಉದ್ಯಾನದ ನಕ್ಷೆ ಬರೆಯುವಾಗ ಅವರ ಗುಡಿಸಲು ನಕ್ಷೆಯಲ್ಲಿ ಇರುವುದಿಲ್ಲ. ಅವರಿಗೆ ಬೇರೆ ಸೂರು ಒದಗಿಸದೆ ಮಾಡಿದ ತೋಟ ಸಾರ್ವಜನಿಕ ತೋಟ ಹೇಗಾದೀತು?

ನಾಲ್ಕನೆಯದು ಮರೆವು. ಲಾಹೋರಿನಲ್ಲಿ 1849ರ ನಂತರ ಬ್ರಿಟಿಷರು ಕೋಟೆಯ ಗೋಡೆ ತಗ್ಗಿಸಿ, ಕಂದಕ ತುಂಬಿ, ಹಳೆಯ ಊರಿನ ಸುತ್ತಲೂ ತೋಟ ಮಾಡಿದರು. ಕಾಲಕ್ರಮದಲ್ಲಿ ಅದರ ಬಹುಭಾಗವನ್ನು ಅಂಗಡಿ, ಕಟ್ಟಡಗಳು ನುಂಗಿದವು. ಕೋಟೆಯೂ ಇಲ್ಲ, ತೋಟವೂ ಇಲ್ಲ ಎಂಬಂತಾಯಿತು. ಇದು ಏಕೆ ಹೋಯಿತು ಎಂದು ಕೇಳುವವರಿಲ್ಲದಿದ್ದರೆ ಯಾವ ಊರಿನಲ್ಲೂ ಹೀಗೆಯೇ ಆಗುತ್ತದೆ.

ಕಲ್ಲಿಗೂ ಒಂದು ವೈದ್ಯವಿದೆ

ಹಳೆಯ ಗೋಡೆಯ ಪಕ್ಕ ಗಿಡ ನೆಡುವುದರಲ್ಲೂ ತಿಳಿವಳಿಕೆ ಬೇಕು. ಅರಳಿ, ಆಲ, ಅತ್ತಿಗಳ ಬೀಜ ಹಕ್ಕಿಯ ಹಿಕ್ಕೆಯಿಂದ ಗೋಡೆಯ ಸಂದಿಗೆ ಬಿದ್ದರೆ ಸಾಕು, ಬೇರು ಗಾರೆಯನ್ನು ಸೀಳಿ ಕಲ್ಲನ್ನು ಹೊರದಬ್ಬುತ್ತದೆ. ಅಂಥ ಸಸಿಯನ್ನು ಎಳೆಯದಿರುವಾಗಲೇ ತೆಗೆಯಬೇಕು. ಗೋಡೆಯ ಬುಡದಲ್ಲಿ ದಿನವೂ ನೀರು ಬೇಡುವ ಹುಲ್ಲುಹಾಸು ಬೇಡ. ಅಥಣಿಯಿಂದ ಸೊಲ್ಲಾಪುರದವರೆಗೆ ಹಬ್ಬಿರುವ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಉಬ್ಬಿ ಬಿರಿದು ಅಡಿಪಾಯವನ್ನೇ ಅಲುಗಿಸುತ್ತದೆ.

ಇನ್ನು ಸಿಮೆಂಟು. ಹಿಂದಿನವರು ಸುಣ್ಣದ ಗಾರೆ ಬಳಸಿದರು. ಅದು ತೇವ ಹೀರಿ ಮತ್ತೆ ಹೊರಬಿಡುತ್ತದೆ. ಸಿಮೆಂಟು ಹಾಗಲ್ಲ. ಒಳಗಿನ ತೇವವನ್ನು ಒಳಗೇ ಹಿಡಿದಿಡುತ್ತದೆ. ಮೇಲೆ ಗಟ್ಟಿಯಾಗಿ ಕಂಡ ಗೋಡೆ ಒಳಗೇ ಪುಡಿಯಾಗುತ್ತದೆ. ಬಣ್ಣ ಬಳಿದು ‘ಜೀರ್ಣೋದ್ಧಾರ’ ಎಂದು ಫಲಕ ಹಾಕುವ ಉತ್ಸಾಹಿಗಳು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಕಾಯ್ದೆಗಳ ಕೊರತೆಯಿಲ್ಲ. ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ ಇದೆ. 2010ರ ತಿದ್ದುಪಡಿಯಂತೆ ಅಂಥ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ನಿಯಂತ್ರಣ. ರಾಜ್ಯದ ಮಟ್ಟದ ಸ್ಮಾರಕಗಳಿಗೆ ಕರ್ನಾಟಕದ 1961ರ ಕಾಯ್ದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆ. ಆದರೆ ಯಾವ ಪಟ್ಟಿಯಲ್ಲೂ ಸೇರದ ಹಳ್ಳಿಯ ಹುಡೇ, ಬಿದ್ದ ಅಗಸಿ, ಮುರಿದ ವಾಡೆಗಳಿಗೆ ಕಾವಲು ಯಾರು? ರಸ್ತೆ ಅಗಲವಾಗುವಾಗ ಮೊದಲು ಹೋಗುವುದು ಅವೇ. ಕೋಟೆಯ ಕಲ್ಲು ರಾತ್ರೋರಾತ್ರಿ ಮನೆಯ ಪಾಯಕ್ಕೆ ಸೇರುತ್ತದೆ. ಕದ್ದವರನ್ನು ಬೈಯುವ ಮೊದಲು, ಅದು ಊರಿನ ಆಸ್ತಿ ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ ಎಂದು ಕೇಳಬೇಕು.

ಯಾರಿಗೆ ಬೇಕು ತೋಟ?

ಈ ಸೀಮೆಯ ಊರುಗಳು ಕಬ್ಬು, ತಂಬಾಕುಗಳಿಂದ ಬೆಳೆದವು. ನಿಪ್ಪಾಣಿಯ ಸಾವಿರಾರು ಹೆಣ್ಣುಮಕ್ಕಳು ತಂಬಾಕಿನ ಧೂಳು ಕುಡಿಯುತ್ತ, ಬೀಡಿ ಸುತ್ತುತ್ತ ಸಂಸಾರ ನಡೆಸಿದರು. ಹೊಲವಿದ್ದವನಿಗೆ ಹೊಲದ ಗಾಳಿಯಾದರೂ ಉಂಟು. ಓಣಿಯ ಒಂದು ಕೋಣೆಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಕೂತವಳಿಗೆ? ಅವಳಿಗೆ ಸಂಜೆ ಅರ್ಧ ತಾಸು ಬೆನ್ನು ನೆಟ್ಟಗೆ ಮಾಡಿ, ಶುದ್ಧ ಗಾಳಿಯಲ್ಲಿ, ಕಾಸು ಕೊಡದೆ ಕೂಡ್ರಲು ಒಂದು ಜಾಗ ಬೇಕು. ಉದ್ಯಾನವೆಂದರೆ ಉಳ್ಳವರ ಶೋಕಿ ಎನ್ನುವವರು ಅವಳನ್ನು ಕೇಳಿ ನೋಡಲಿ.

1981ರಲ್ಲಿ ತಂಬಾಕಿಗೆ ನ್ಯಾಯಬೆಲೆ ಕೇಳಿ ನಿಪ್ಪಾಣಿಯ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಸೊಲ್ಲಾಪುರದ ಧ್ವಜದ ದಿನವೂ ಏಪ್ರಿಲ್ 6 ಎಂಬುದು ಆಕಸ್ಮಿಕ. ಆದರೆ ಒಂದು ಊರು ತನ್ನ ಹುತಾತ್ಮರ ಹೆಸರನ್ನು ಕೋಟೆಯ ತೋಟಕ್ಕೆ ಇಟ್ಟು ಮಕ್ಕಳ ಬಾಯಲ್ಲಿ ದಿನವೂ ಉಳಿಯುವಂತೆ ಮಾಡಿದ್ದು ಆಕಸ್ಮಿಕವಲ್ಲ. ಅದಕ್ಕೆ ಊರಿನ ಮನಸ್ಸು ಬೇಕಾಯಿತು.

ಈಚಿನ ವರ್ಷಗಳಲ್ಲಿ ನಿಪ್ಪಾಣಿ, ಕಾಗವಾಡಗಳು ತಾಲ್ಲೂಕು ಕೇಂದ್ರಗಳಾಗಿವೆ. ಹೊಸ ಕಚೇರಿ, ಹೊಸ ರಸ್ತೆ, ಹೊಸ ಬಡಾವಣೆಗಳ ನಕ್ಷೆಗಳು ತಯಾರಾಗುವ ಕಾಲವಿದು. ಈ ನಕ್ಷೆಯಲ್ಲಿ ಎರಡು ಗೆರೆ ಹೆಚ್ಚಿಗೆ ಎಳೆಯಲು ದೊಡ್ಡ ಖರ್ಚಿಲ್ಲ. ಊರಿನಲ್ಲಿ ಉಳಿದಿರುವ ಹಳೆಯ ಗೋಡೆ, ಬುರುಜು, ಅಗಸಿ, ಕೆರೆಗಳನ್ನು ಮೊದಲು ಗುರುತಿಸಬೇಕು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಅಳೆಯಿಸಬೇಕು, ಚಿತ್ರ ಬರೆಯಿಸಬೇಕು. ಊರಿನ ಹಿರಿಯರು ಅವುಗಳ ಬಗ್ಗೆ ಹೇಳುವುದನ್ನು ಬರೆದಿಡಬೇಕು. ಆಮೇಲೆ ಗೋಡೆಯನ್ನು ಮುಟ್ಟದೆ, ಕಂದಕವಿದ್ದರೆ ಮುಚ್ಚದೆ, ಬೇವು ಹೊಂಗೆಗಳನ್ನು ಗೋಡೆಯಿಂದ ದೂರದಲ್ಲಿ ನೆಟ್ಟು, ನಾಲ್ಕು ಕಟ್ಟೆ ಕಟ್ಟಿದರೆ ಸಾಕು. ಕನ್ನಡ ಮರಾಠಿ ಎರಡೂ ಓದುವ ಊರಿನಲ್ಲಿ ಎರಡೂ ಭಾಷೆಯಲ್ಲಿ ಒಂದು ಫಲಕವಿರಲಿ. ಕಟ್ಟಿಸಿದ ದೊರೆಯ ಹೆಸರಿನೊಂದಿಗೆ ಕಲ್ಲು ಹೊತ್ತವರ ನೆನಪೂ ಅದರಲ್ಲಿರಲಿ. ಅವರ ಹೆಸರು ಯಾವ ದಫ್ತರದಲ್ಲೂ ಇಲ್ಲ. ‘ಈ ಊರಿನ ಜನ ಕಟ್ಟಿದ್ದು’ ಎಂದರೆ ಸಾಕು.

ಕೋಟೆ ಇದ್ದಾಗ ಅದರ ಬಾಗಿಲು ಸಂಜೆಗೆ ಮುಚ್ಚುತ್ತಿತ್ತು. ಹೊರಗಿನವನು ಹೊರಗೇ ಉಳಿಯುತ್ತಿದ್ದ. ಅದೇ ಜಾಗ ತೋಟವಾದಾಗ ಸಂಜೆಯೇ ಅದರ ಬಾಗಿಲು ತೆರೆಯುವ ಹೊತ್ತು. ಈ ಬದಲಾವಣೆಗೆ ದಂಡು ಬೇಕಿಲ್ಲ, ಮದ್ದು ಬೇಕಿಲ್ಲ. ಪುರಸಭೆಯ ಒಂದು ಠರಾವು, ಊರವರ ಒಂದಿಷ್ಟು ಎಚ್ಚರ ಬೇಕು. ಠರಾವು ಮಾಡಿಸುವುದು ಸುಲಭ. ಎಚ್ಚರ ಉಳಿಸಿಕೊಳ್ಳುವುದೇ ಕಷ್ಟ. ಆ ಕಷ್ಟದ ಕೆಲಸ ಇಲ್ಲಿ ಕುಳಿತಿರುವ ಎಲ್ಲರ ಪಾಲಿಗೆ ಬಂದಿದೆ.